ಕೌದಿಯ ಹೊಟ್ಟೆ

ದೇವಿಂದ್ರಪ್ಪ ಮಾಸ್ತರರನ್ನು ದಣಿಸಿದ್ದು ವಯಸ್ಸಲ್ಲ, ಜೂನ್ ಐದನೇ ತಾರೀಖು. ಕಮಲಾಪುರದ ಹೈಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರ ಇದ್ದಾನೋ ಸತ್ತಾನೋ ಎಂದು ವರ್ಷವಿಡೀ ಕೇಳದ ಕಲಬುರಗಿಯ ದೊಡ್ಡ ಕಚೇರಿಯವರಿಗೆ, ಪರಿಸರ ದಿನ ಹತ್ತಿರ ಬಂದೊಡನೆ ಅವರ ಫೋನ್ ನಂಬರು ನೆನಪಾಗುತ್ತಿತ್ತು. "ಮಾಸ್ತರ, ಈ ಸಲಾನೂ ಪ್ಲಾಸ್ಟಿಕ್‌ದಾಗ ಏನರ ಛಲೋದು ಮಾಡ್ರಿ" ಎಂದು ಅಪ್ಪಣೆ. ಮಾಸ್ತರರು ಮಾಡುತ್ತಿದ್ದರು. ಬಾಟಲಿ ಮುಚ್ಚಳದ ಮೀನು ಮಾಡಿದರು, ಕ್ಯಾರಿಬ್ಯಾಗಿನ ಭೂಗೋಳ ಮಾಡಿದರು, ಐಸ್‌ಕ್ರೀಮ್ ಚಮಚೆಗಳ ನವಿಲು ಮಾಡಿದರು. ಐದರಂದು ಫೋಟೋ, ಭಾಷಣ, ವೇದಿಕೆಯ ಮೇಲೆ ಎಲ್ಲರಿಗೂ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು. ಏಳರಂದು ಮೀನು ಕಚೇರಿಯ ಸಭಾಭವನದ ಮೆಟ್ಟಿಲ ಕೆಳಗೆ. ಹದಿನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದುಡಿದರೂ ಅವರದು ಅಂತ ಒಂದು ಕಡ್ಡಿಯೂ ಎಲ್ಲಿಯೂ ಉಳಿದಿರಲಿಲ್ಲ.

ಹೋದ ವರ್ಷದ ಆನೆಯ ಕಥೆಯಂತೂ ಕೇಳಲೇಬೇಡಿ. ಆರುನೂರು ನೀರಿನ ಬಾಟಲಿ, ಎರಡು ತಿಂಗಳ ಸಂಜೆ, ಡಬ್ಬಿಗಟ್ಟಲೆ ಗೋಂದು, ಮೇಲೆ ಬೂದಿ ಬಣ್ಣ. ಎಂಟನೇ ತಾರೀಖಿಗೇ ಕಚೇರಿಯಿಂದ ಫೋನು: ಆನೆ ದಾರಿಗೆ ಅಡ್ಡ ಆಗ್ಯಾದ, ಒಯ್ಯಿರಿ. ಕಲಬುರಗಿಯ ಜೇವರ್ಗಿ ಕಾಲೋನಿಯ ತಮ್ಮ ಮೂರು ಕೋಣೆಯ ಮನೆಯಲ್ಲಿ ಆನೆ ಕಟ್ಟುವಷ್ಟು ಜಾಗವೆಲ್ಲಿ? ಟಂಟಂ ಆಟೋ ಬಾಡಿಗೆಗೆ ಮಾಡಿಕೊಂಡು ಕಮಲಾಪುರಕ್ಕೆ ಒಯ್ದರು. ಶಾಲೆಯ ಹಿಂದೆಯೇ ಊರಿನ ಕಸ ಬೇರ್ಪಡಿಸುವ ಶೆಡ್ಡು. ತಗಡಿನ ಮಾಡು, ಮೂರು ಕಡೆ ಗೋಡೆ. ಪಡುವಣ ದಿಕ್ಕು ಮಾತ್ರ ಬಟಾಬಯಲು, ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರವಾಗಿ ಒಳಗೆ ಬಂದು ಕೂರುತ್ತದೆ. ಅಲ್ಲಿ ಎಂಟು ಜನ ಹೆಂಗಸರು ಕಸ ಆರಿಸುತ್ತಾರೆ. ಅವರಿಗೆಲ್ಲ ಹಿರಿಯಳು ಗುಂಡಮ್ಮ. ಐವತ್ತೈದರ ಹೆಂಗಸು, ಹಗಲು ಕಸದ ಕೆಲಸ, ಬಿಡುವಾದರೆ ಕೌದಿ ಹೊಲಿಯುವ ಕೆಲಸ. ಹಳೆ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ದಾರ ಓಡಿಸಿದರೆ ಆಗುವ ಆ ಹೊದಿಕೆಗೆ ಸುತ್ತ ಹತ್ತು ಹಳ್ಳಿಯಲ್ಲಿ ಅವಳ ಕೈಯೇ ಬೇಕು.

ಗುಂಡಮ್ಮ ಆನೆಯನ್ನು ಒಂದು ಸುತ್ತು ಹಾಕಿ ನೋಡಿದಳು. ಅದರ ಕಾಲಿನಿಂದ ಒಂದು ಬಾಟಲಿ ಹಿಡಿದು ಜಗ್ಗಿದಳು. ಬರಲಿಲ್ಲ.

"ಗೋಂದು ಹಚ್ಚೀರಿ. ಮ್ಯಾಲ ಬಣ್ಣ ಬಳದೀರಿ. ಇದನ್ನ ಯಾವ ಫ್ಯಾಕ್ಟರಿಯವನೂ ಮುಟ್ಟಂಗಿಲ್ಲ" ಎಂದಳು. "ಸಿಟ್ಟಾಗಬ್ಯಾಡ್ರಿ ಸರ. ನೀವು ಕೈ ಹಚ್ಚೂತನಾ ಇವು ಬಾಟಲಿ ಇದ್ವು. ಕೈ ಹಚ್ಚಿದ ಮ್ಯಾಲ ಕಸ ಆದ್ವು."

ಮಾಸ್ತರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹದಿನಾಲ್ಕು ವರ್ಷ ಪರಿಸರ ಉಳಿಸಿದವನೆಂದು ಹಾರ ಹಾಕಿಸಿಕೊಂಡ ಮನುಷ್ಯ! ಆನೆಯನ್ನು ಅಲ್ಲೇ ಬಿಟ್ಟು, ಬಸ್ ಸ್ಟ್ಯಾಂಡಿಗೆ ಬಂದು, ಕೆಂಪು ಬಾಳೆಹಣ್ಣು ಮಾರುವವನ ಪಕ್ಕದ ಕಲ್ಲಿನ ಮೇಲೆ ಕುಳಿತರು. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದರು.

ಈ ವರ್ಷ ಜೂನ್ ಮೂವತ್ತಕ್ಕೆ ಅವರ ನಿವೃತ್ತಿ. ಜನವರಿಯಲ್ಲಿ ಕಚೇರಿಯ ಸಾಹೇಬರು ತಾವೇ ಕರೆಸಿದರು. ಹೊಸ ಸಭಾಭವನ ಕಟ್ಟಿದ್ದಾರಂತೆ. ವೇದಿಕೆಯ ಎದುರಿನ ಗೋಡೆ ಖಾಲಿ ಇದೆಯಂತೆ. "ಈ ಸಲ ಮಾಡಿದ್ದು ಅಲ್ಲೇ ಕಾಯಂ ಇರ್ತದ ಮಾಸ್ತರ. ಕೆಳಗ ನಿಮ್ಮ ಹೆಸರು, ಹಿತ್ತಾಳಿ ಪಟ್ಟಿ ಮ್ಯಾಲ." ಕಾಯಂ ಎಂಬ ಆ ಒಂದು ಮಾತು ಮಾಸ್ತರರ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮನೆಗೆ ಬಂದು ಹೆಂಡತಿ ಲಲಿತಾಬಾಯಿಗೆ ಅದನ್ನೇ ಮೂರು ಸಲ ಹೇಳಿದರು. ಒಂದೇ ಒಂದು ವಸ್ತು ಉಳಿಯಲಿ, ಸಾಕು. ಇಷ್ಟೇ ಅವರ ಆಸೆ.

ಮಾರನೇ ದಿನ ನೇರ ಶೆಡ್ಡಿಗೆ ಹೋದರು. "ಗುಂಡಮ್ಮ, ಗೋಂದು ಇಲ್ಲ, ಬಣ್ಣ ಇಲ್ಲ. ಹಾಲಿನ ಪಾಕೀಟಿಂದು ಕೌದಿ ಹೊಲೀಲಿಕ್ಕಾಗ್ತದೇನು?"

ಗುಂಡಮ್ಮ ಒಂದು ಖಾಲಿ ಪಾಕೀಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಆಗ್ತದ. ಆದರ ತೊಳಿಯೂದು ದೊಡ್ಡ ತಕಲೀಫ್."

ತೊಳೆಯುವ ಕೆಲಸ ಫರ್ಹೀನಳ ಪಾಲಿಗೆ ಬಂತು. ಆ ಎಂಟು ಜನರಲ್ಲಿ ಒಬ್ಬಳು, ಇಪ್ಪತ್ತೆಂಟರ ಹೆಣ್ಣುಮಗಳು, ಮಾತು ಕಡಿಮೆ, ಹಟ ಜಾಸ್ತಿ. ಪ್ರತಿ ಪಾಕೀಟನ್ನೂ ಅಂಚಿಗೆ ಸೀಳಿ, ಒಮ್ಮೆ ತಣ್ಣೀರು, ಒಮ್ಮೆ ಸೋಪಿನ ಬಿಸಿನೀರು, ಮತ್ತೊಮ್ಮೆ ತಣ್ಣೀರು. ಆಮೇಲೆ ಹಗ್ಗಕ್ಕೆ ಸಿಕ್ಕಿಸಿ ಒಣ ಹಾಕುವುದು. ಒಣಗಿದ ಮೇಲೆ ಒಂದೊಂದನ್ನೂ ಮೂಗಿಗೆ ಹಿಡಿದು ಮೂಸಿ ನೋಡುತ್ತಿದ್ದಳು. ಎಳ್ಳಷ್ಟು ವಾಸನೆ ಬಂದರೂ ಹೊಳ್ಳಿ ಬಕೆಟ್ಟಿಗೆ. ಹಾಗೆ ನಾಲ್ಕು ಸಾವಿರ ಪಾಕೀಟು. ಮಾರ್ಚ್ ಹೊತ್ತಿಗೆ ಅವಳ ಬೆರಳ ಸಂದುಗಳು ಒಡೆದು ಕೆಂಪಾಗಿದ್ದವು. ಮಾಸ್ತರರು ಮುಲಾಮು ತಂದುಕೊಟ್ಟರು. "ಎಣ್ಣಿ ಕೈಲಿ ಪಾಕೀಟ ಮುಟ್ಟಿದ್ರ ಮತ್ತ ಜಿಡ್ಡಾಗ್ತಾವ್ರಿ" ಎಂದು ಅವಳು ಅದನ್ನು ಹಚ್ಚಿಕೊಳ್ಳಲಿಲ್ಲ.

ಮೇ ತಿಂಗಳ ಬಿಸಿಲು ತಗಡಿನ ಕೆಳಗೆ ಹೇಗಿರುತ್ತದೆಂದು ಹೇಳುವುದು ಬೇಡ. ಮಾಸ್ತರರು ರಜೆಯಲ್ಲೂ ದಿನಾ ಬಸ್ಸು ಹಿಡಿದು ಬಂದರು. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು ಯಾವ ನೀಲಿಯ ಪಕ್ಕ ಯಾವ ಹಸಿರು, ನಡುವೆ ತೊಗರಿಬೇಳೆ ಚೀಲದ ಹಳದಿ ಎಲ್ಲಿ ಎಂದು ತೋರಿಸಿದರು. ಗುಂಡಮ್ಮ ದಬ್ಬಣದಲ್ಲಿ ದಾರ ಓಡಿಸಿದಳು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಜೂನ್ ಎರಡು, ಶುಕ್ರವಾರ, ಕೊನೆಯ ಸಾಲು ಮುಗಿಯುವ ಹೊತ್ತಿಗೆ ಮಾಸ್ತರರಿಗೆ ಒಂದು ಹಳೆಯ ನೆನಪು ಬಂತು.

ಈ ಸೀಮೆಯಲ್ಲಿ ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ತುಂಡು ರೊಟ್ಟಿಯೋ ಹೋಳಿಗೆಯೋ ಇಟ್ಟು ಬಾಯಿ ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವನಿಗೆ ನಿದ್ದೆ ಹತ್ತುವುದಿಲ್ಲ ಎಂದು ಮಾಸ್ತರರ ತಾಯಿ ಹೇಳುತ್ತಿದ್ದಳು.

"ಗುಂಡಮ್ಮ, ಹೊಟ್ಟಿ ತುಂಬೂದಿಲ್ಲೇನು?"

ಗುಂಡಮ್ಮ ನಕ್ಕುಬಿಟ್ಟಳು. "ಪ್ಲಾಸ್ಟಿಕ್‌ಗ ಎಲ್ಲೀ ಹೊಟ್ಟಿ ರೀ ಸರ? ಬಟ್ಟಿ ಕೌದಿ ಆದ್ರ ರೊಟ್ಟಿ ಒಣಗಿ ಹೋಗ್ತದ. ಇದರಾಗ ಬೆವತು ನಾರ್ತದ, ಇಲಿ ಕರೀತದ. ಬ್ಯಾಡ್ರಿ." ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು, ಮಡಿಕೆ ಹಾಕಿದ ಕೌದಿಯನ್ನು ಟಂಟಂನಲ್ಲಿ ಹೇರಿಕೊಂಡು ಮನೆಗೆ ಒಯ್ದರು.

ಶನಿವಾರ ಕಾರ ಹುಣ್ಣಿಮೆ ಹಬ್ಬ. ಬೆಳಿಗ್ಗೆಯೇ ಲಲಿತಾಬಾಯಿ ಹೋಳಿಗೆ ಬೇಯಿಸುತ್ತಿದ್ದಳು. ಪಡಸಾಲೆಯಲ್ಲಿ ಕೌದಿ ಮಡಿಕೆಯಾಗಿ ಕುಳಿತಿತ್ತು. ಮಾಸ್ತರರು ಅದರ ಮುಂದೆ ಹೋಳಿಗೆ ತಾಟು ಹಿಡಿದು ಕುಳಿತರು. ಇನ್ನೆರಡು ತಾಸಿಗೆ ಅದು ಗೋಡೆಗೆ ಹೋಗುತ್ತದೆ, ಕಾಯಂ. ಜನ್ಮದಲ್ಲಿ ಮೊದಲ ಸಲ ಉಳಿಯಲಿರುವ ತಮ್ಮ ವಸ್ತುವನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ಅವರಿಗೆ ಮನಸ್ಸೇ ಬರಲಿಲ್ಲ. ಓದಿದವರು, ಮಕ್ಕಳಿಗೆ ವಿಜ್ಞಾನ ಮೇಳದ ಚಾರ್ಟು ಬರೆದುಕೊಟ್ಟವರು, ಆದರೂ ಬರಲಿಲ್ಲ. ಹೆಂಡತಿ ಒಲೆಯ ಕಡೆ ತಿರುಗಿದ್ದಾಗ ಕೆಳಗಿನ ಬಲಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ, ತುಪ್ಪ ಹಚ್ಚಿದ ಹೋಳಿಗೆಯ ಒಂದು ತುಂಡು ಒಳಗೆ ತೂರಿಸಿ, ಮೊದಲಿನ ಹಾಗೆಯೇ ಹೊಲಿದುಬಿಟ್ಟರು.

ಮಧ್ಯಾಹ್ನ ಗೋಡೆಗೆ ತೂಗುಹಾಕಿದರು. ನೀಲಿ, ಹಸಿರು, ಹಳದಿ, ಅಬ್ಬಾ, ಸುಳ್ಳೇಕೆ ಹೇಳಬೇಕು, ಚೆಂದವೇ ಇತ್ತು. ಸಾಹೇಬರು ಬೆನ್ನು ತಟ್ಟಿದರು. ಭವನಕ್ಕೆ ಬೀಗ ಬಿತ್ತು. ಭಾನುವಾರ ರಜೆ.

ಸೋಮವಾರ ಎಂಟಕ್ಕೆ ಬೀಗ ತೆಗೆದಾಗ ಕೌದಿಯ ಕೆಳಗಿನ ಅರ್ಧ ಚಿಂದಿಯಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ಐದು ತಿಂಗಳಿಗೆ ಎರಡು ರಾತ್ರಿ ಸಾಕಾಗಿತ್ತು. ಬಲಮೂಲೆಯಲ್ಲಿ ತಾಟಿನಗಲ ತೂತು, ಎಡಮೂಲೆಯಲ್ಲಿ ಅಂಥದ್ದೇ ಇನ್ನೊಂದು, ನಡುವೆ ಕಡಿದ ಚೂರುಗಳು, ನೆಲದ ಮೇಲೆ ಇಲಿಯ ಹಿಕ್ಕೆ. ಬಲಮೂಲೆ ನೋಡಿದ ಕೂಡಲೇ ಮಾಸ್ತರರಿಗೆ ಎಲ್ಲ ತಿಳಿಯಿತು. ಎಡಮೂಲೆಗೆ ಯಾಕೆ ಹೋದವು ಎಂದು ಮಾತ್ರ ತಿಳಿಯಲಿಲ್ಲ. ಹಲ್ಲಿಗೆ ರುಚಿ ಹತ್ತಿತು, ಹೋದವು ಎಂದುಕೊಂಡರು.

ಸಾಹೇಬರು ಬಂದರು, ನೋಡಿದರು, ಮೂಗು ಮುಚ್ಚಿಕೊಂಡರು. "ಪಾಕೀಟ ಸರಿ ತೊಳದಿಲ್ಲ ಮಾಸ್ತರ. ಹಾಲಿನ ವಾಸನಿಗಿ ಇಲಿ ಬಂದಾವ. ಆ ಮಂದೀಗಿ ಸ್ವಚ್ಛ ಅಂದ್ರ ಏನು ಗೊತ್ತು? ಹೇಳ್ರಿ, ತೊಳಿಯೂದ್ರಾಗೇ ತಪ್ಪಾಗ್ಯಾದ ಹೌದಿಲ್ಲೋ?"

ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಸಾಹೇಬರು ಮುಂದಿನ ಮಾತು ಆಡಿದರು: "ಮ್ಯಾಲಿನ ಅರ್ಧ ಛಲೋ ಅದ. ಕತ್ತರಿಸಿ ಫ್ರೇಮ್ ಹಾಕಸ್ತೀನಿ. ನಿಮ್ಮ ಪಟ್ಟಿ ಹಂಗೇ ಇರಲಿ." ತೆರೆದ ಬಾಯಿ ಮುಚ್ಚಿತು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗೋಡೆ ನೋಡುತ್ತ ನಿಂತರು.

ಹತ್ತು ಗಂಟೆಗೆ ಕಮಲಾಪುರದ ಬಸ್ಸಿನಿಂದ ಎಂಟು ಹೆಂಗಸರು ಇಳಿದರು. ಇಸ್ತ್ರಿ ಹಾಕಿದ ಸೀರೆ, ತಲೆಯಲ್ಲಿ ಹೂ. ಫರ್ಹೀನ್ ಹೊಸ ಓಢಣಿ ಹೊದ್ದಿದ್ದಳು. ವೇದಿಕೆಯ ಮೇಲೆ ಎಲ್ಲರಿಗೂ ಸನ್ಮಾನ ಎಂದು ಮಾಸ್ತರರೇ ಹೇಳಿ ಕರೆಸಿದ್ದರು. ಸಾಹೇಬರು ಬಾಗಿಲಲ್ಲೇ ತಡೆದು, ಪೇಪರಿನವರು ಕೇಳುವಂತೆ ತೊಳೆಯುವ ಮಾತನ್ನು ಮತ್ತೊಮ್ಮೆ ಆಡಿ, ಹಿಂದಿನ ಸಾಲಿನಲ್ಲಿ ಕೂರಿಸಿದರು. ಗುಂಡಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಫರ್ಹೀನ್ ಮಾತ್ರ ತನ್ನ ಎರಡೂ ಅಂಗೈಗಳನ್ನು ತಿರುತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕಾರ್ಯಕ್ರಮ ಮುಗಿದಾಗ ಜವಾನ ಕತ್ತರಿಸಿ ಎಸೆದ ಕೆಳಗಿನ ಅರ್ಧವನ್ನು ಗುಂಡಮ್ಮ ಮಡಚಿ ತಲೆಯ ಮೇಲಿಟ್ಟುಕೊಂಡು ಬಸ್ಸಿಗೆ ನಡೆದಳು. ಮಾಸ್ತರರು ಕಿಟಕಿಯಿಂದ ನೋಡಿದರು, ಕೆಳಗಿಳಿದು ಹೋಗಲಿಲ್ಲ.

ಆಮೇಲಿನ ದಿನಗಳನ್ನು ಏನು ಹೇಳಲಿ! ಫ್ರೇಮು ಗೋಡೆಗೆ ಏರಿತು. ಹಿತ್ತಾಳೆಯ ಮೇಲೆ ಹೆಸರು ಮಿಂಚಿತು. ಲಲಿತಾಬಾಯಿ ನೋಡಿ ಬಂದು ಓಣಿಗೆಲ್ಲ ಹೇಳಿದಳು. ಮಾಸ್ತರರು ಮಾತ್ರ ಆ ಭವನದ ರಸ್ತೆಯನ್ನೇ ಬಿಟ್ಟರು. ಕಮಲಾಪುರದಲ್ಲಿ ಶೆಡ್ಡಿನ ಮುಂದೆ ಹಾದುಹೋಗುವ ಹತ್ತಿರದ ದಾರಿ ಬಿಟ್ಟು ಊರು ಸುತ್ತಿ ಶಾಲೆಗೆ ಹೋಗತೊಡಗಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅರ್ಧ ಮೈಲು ಹೆಚ್ಚಿಗೆ ನಡೆದು ಅರವತ್ತರ ಮೊಣಕಾಲು ಬಾತವು. ಶಾಲೆಯ ಕಿಟಕಿಯಿಂದ ಶೆಡ್ಡಿನ ಹಿಂಬದಿ ಕಾಣುತ್ತಿತ್ತು. ಅಲ್ಲಿ ಫರ್ಹೀನ್ ಒಬ್ಬಳೇ ಕುಕ್ಕರುಗಾಲಲ್ಲಿ ಕುಳಿತು ತೊಳೆಯುತ್ತಿದ್ದಳು. ಒಂದು ದಿನ ಸುಮ್ಮನೆ ಎಣಿಸಿದರು. ಒಂದೇ ಪಾಕೀಟನ್ನು ಆರು ಸಲ ತೊಳೆದಳು. ಅವತ್ತು ಮಾಸ್ತರರು ಮಧ್ಯಾಹ್ನದ ಬುತ್ತಿ ಬಿಚ್ಚದೆಯೇ ಮನೆಗೆ ಒಯ್ದರು.

ನಿವೃತ್ತಿಗೆ ಮೂರು ದಿನ ಇರುವಾಗ ಅವರ ಕಾಲು ಊರು ಸುತ್ತಲು ಒಪ್ಪಲಿಲ್ಲ. ಬುತ್ತಿಚೀಲ ಹಿಡಿದು ನೇರ ಶೆಡ್ಡಿನೊಳಗೆ ಹೋದರು. ಊಟದ ಹೊತ್ತು. ಎಂಟೂ ಜನ ಬಿಸಿಲಿಗೆ ಬೆನ್ನು ಮಾಡಿ ಗೋಡೆಯ ಅಂಚಿಗೆ ಒತ್ತಿಕೊಂಡು ಕುಳಿತಿದ್ದರು.

"ಬರ್ರಿ ಸರ, ಕುಂದರ್ರಿ. ಎಷ್ಟ್ ದಿನಾತು!" ಎಂದಳು ಗುಂಡಮ್ಮ.

"ಕುಂದ್ರೂದಿಲ್ಲ. ನಿಂತೇ ಹೇಳ್ತೀನಿ." ಅವರಿಗೆ ಏದುಸಿರು. "ಹಾಲಿನ ವಾಸನಿಗಿ ಇಲಿ ಬಂದಿಲ್ಲ. ನಾ ಇಟ್ಟ ಹೋಳಿಗಿಗಿ ಬಂದಾವ. ಹುಣ್ಣಿಮಿ ದಿನ, ಮನ್ಯಾಗ, ಬಲಮೂಲ್ಯಾಗ ಹೋಳಿಗಿ ಇಟ್ಟು ಹೊಲದೆ. ನೀ ಬ್ಯಾಡ ಅಂದ್ರೂ ಇಟ್ಟೆ, ಗುಂಡಮ್ಮ."

ಗುಂಡಮ್ಮ ಕೈಯಲ್ಲಿದ್ದ ತುತ್ತು ತಾಟಿಗೆ ಬಿಟ್ಟಳು.

"ಬಲಮೂಲ್ಯಾಗ?" ಎಂದಳು. "ಅಯ್ಯ ನಮ್ಮವ್ವ! ಎಡಮೂಲ್ಯಾಗ ನಾ ಇಟ್ಟಿದ್ನಲ್ರೀ!"

"ನೀ?"

"ನಿಮ್ಮ ಮುಂದ ದೊಡ್ಡಾಕಿಹಂಗ ಮಾತಾಡಿದೆ. ನೀವು ಟಂಟಂ ಕರೀಲಿಕ್ಕಿ ಹೋದ್ರಿ ನೋಡ್ರಿ, ನನ್ನ ಮನಸು ತಡೀಲಿಲ್ಲ. ಮೂವತ್ತು ವರ್ಷದಾಗ ಒಂದು ಕೌದಿ ಹಸದು ಕಳಸಿಲ್ಲ ನಾ. ಬೆಲ್ಲ ಹಚ್ಚಿದ ರೊಟ್ಟಿ ಇಟ್ಟೆ. ಅವತ್ತು ಸಾಹೇಬ ಬಾಯಿಗಿ ಬಂದಂಗ ಅಂದಾಗ ನನ್ನದೇ ಪಾಪ ಅಂತ ಬಾಯಿ ಮುಚಗೊಂಡ ನಿಂತೆ."

ಎರಡು ತೂತು! ಮಾಸ್ತರರು ಗುಂಡಮ್ಮನನ್ನು ನೋಡಿದರು, ಗುಂಡಮ್ಮ ಮಾಸ್ತರರನ್ನು ನೋಡಿದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಅವರದು. ಇಬ್ಬರು ಮುದುಕರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಇಲಿಗಳಿಗೆ ಅವತ್ತು ನಿಜವಾದ ಹಬ್ಬ ಎಂದು ಯಾರೋ ಅಂದರು. ಉಳಿದವರೂ ನಕ್ಕರು.

"ನಗ್ರಿ, ನಗ್ರಿ."

ಫರ್ಹೀನ್ ಎದ್ದು ನಿಂತಿದ್ದಳು. ಎರಡೂ ಅಂಗೈ ಮುಂದೆ ಚಾಚಿದ್ದಳು. ಬೆರಳ ಸಂದುಗಳಲ್ಲಿ ಚರ್ಮವೇ ಇರಲಿಲ್ಲ.

"ನೀವಿಬ್ರೂ ಇಟ್ರಿ. ನೀವಿಬ್ರೂ ಸುಮ್ನಾದ್ರಿ. ಇಪ್ಪತ್ತು ದಿನದಿಂದ ನನ್ನ ಕೈ ಹೊಲಸು ಅಂತ ನಾ ಅನ್ಕೊಂಡೀನಿ. ಮನ್ಯಾಗ ಹಿಟ್ಟು ಕಲಸಲಿಕ್ಕಿ ಅಂಜತೀನಿ. " ಗುಂಡಮ್ಮನ ಕಡೆ ತಿರುಗಿದಳು. "ಅಮ್ಮೀ, ನೀವರ ಹೇಳಬೇಕಿತ್ತು. ಸರ, ನೀವು ಓದಿದವರು, ಅವರು ಕೇಳಿದಾಗ ಯಾಕ ಹೇಳಲಿಲ್ಲ?"

ಗುಂಡಮ್ಮನ ನಗು ನಿಂತುಹೋಯಿತು. ಮಾಸ್ತರರಿಗೆ ಉತ್ತರ ಗೊತ್ತಿತ್ತು. ಆ ಉತ್ತರ ಕಲಬುರಗಿಯ ಒಂದು ಗೋಡೆಯ ಮೇಲೆ, ಹಿತ್ತಾಳೆಯಲ್ಲಿತ್ತು. ನಾಚಿಕೆಯಿಂದ ಅವರ ಕಿವಿ ಕಾದವು. ಇಷ್ಟು ವರ್ಷ ಮಾಡಿದ್ದೆಲ್ಲ ಬರೀ ಕಸವಾಯಿತು ಎಂದು ಕೊರಗುತ್ತಿದ್ದವರು, ಈ ಸಲ ಒಂದು ಹೆಣ್ಣುಮಗಳ ಕೈಯನ್ನೇ ಕಸಕ್ಕೆ ಹಾಕಿದ್ದರು.

ಜೇಬಿನಿಂದ ಫೋನು ತೆಗೆದರು. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಸಾಹೇಬರಿಗೆ ಹಚ್ಚಿದರು.

"ಸಾಹೇಬ್ರ, ದೇವಿಂದ್ರಪ್ಪ ಮಾತಾಡತೀನಿ. ಕೌದ್ಯಾಗ ತಿನ್ನೂದು ಇಟ್ಟಾಂವ ನಾನು. ಪಾಕೀಟ ಸ್ವಚ್ಛ ಇದ್ವು. ಫರ್ಹೀನ್ ಅಂತ ಅದಾಳ, ಆಕಿ ಮೂರ್ ಮೂರ್ ಸಲ ತೊಳದಾಳ."

"ಈಗ್ಯಾಕ ಹೇಳ್ತೀರಿ ಮಾಸ್ತರ? ಪೇಪರಿನವರ ಮುಂದ ನಾ ಅಂದಾಗ್ಯಾದ. ಮೂರ್ ದಿನದಾಗ ರಿಟೈರ್ ಆಗೋರು, ಸುಮ್ನಿರ್ರಿ."

"ಸುಮ್ನಿದ್ದು ಸಾಕಾಗ್ಯಾದ್ರಿ. ನನ್ನ ಹೆಸರಿನ ಪಟ್ಟಿ ಇಳಸ್ರಿ. ಅರ್ಧ ಕೌದಿನೂ ಕೊಡ್ರಿ, ನಾಳಿ ಬಂದು ಒಯ್ತೀನಿ."

"ಒಯ್ಯಿರಿ, ಒಯ್ಯಿರಿ. ಹೆಂಗೂ ಆ ಗೋಡಿಗಿ ದೊಡ್ಡ ಟಿವಿ ಹಚ್ಚೂದದ."

ಫೋನು ಕಟ್ಟಾಯಿತು. ಕಾಯಂ ಎಂದರೆ ಇಪ್ಪತ್ತೆರಡು ದಿನ! ಮಾಸ್ತರರಿಗೆ ಅಳು ಬರಬೇಕಿತ್ತು, ಬರಲಿಲ್ಲ. ಬಹಳ ದಣಿದಿದ್ದರು. ಫರ್ಹೀನ್ ತನ್ನ ತಂಬಿಗೆಯ ನೀರನ್ನು ಅವರ ಕಡೆ ಸರಿಸಿ, ಹೋಗಿ ಕುಳಿತಳು. ಅವರು ಕುಡಿದರು.

ಜೂನ್ ಮೂವತ್ತರಂದು ಶಾಲೆಯಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ನಾಲ್ಕು ಒಳ್ಳೆಯ ಮಾತು ಆಡಿ ಕಳಿಸಿದರು. ಮಾಸ್ತರರು ಹಾರ ಕೊರಳಲ್ಲಿ ಇರುವಂತೆಯೇ ಶೆಡ್ಡಿಗೆ ಬಂದರು. ಎರಡು ಅರ್ಧಗಳನ್ನೂ ಗುಂಡಮ್ಮ ಕೂಡಿಸಿದ್ದಳು. ತೂತುಗಳಿಗೆ ತೊಗರಿ ಚೀಲದ ಹಳದಿ ತೇಪೆ ಬಿದ್ದಿತ್ತು. ಕೌದಿ ಪಡುವಣದ ಬಯಲಿಗೆ ಅಡ್ಡಲಾಗಿ, ಮೇಲಿನ ಕೊಳವೆಗೆ ಕಟ್ಟಿ ತೂಗುತ್ತಿತ್ತು. ಮಧ್ಯಾಹ್ನ ಮೂರು ಗಂಟೆ, ಆದರೂ ಎಂಟು ಜನರೂ ನೆರಳಿನಲ್ಲಿ ಕಾಲು ಚಾಚಿ ಕೆಲಸ ಮಾಡುತ್ತಿದ್ದರು. ನೆಲದ ಮೇಲೆ ತೆಳು ನೀಲಿ ಬೆಳಕು ಬಿದ್ದಿತ್ತು.

"ಎಷ್ಟು ದಿನ ಬಾಳ್ತದ ಗುಂಡಮ್ಮ?"

"ನಮ್ಮ ಬಿಸಲಿಗಿ ಎರಡು ಬ್ಯಾಸಗಿ. ಆಮ್ಯಾಲ ದಾರ ಬಿಚ್ಚಿ ಪಾಕೀಟೆಲ್ಲಾ ಚೀಲಕ್ಕ ತುಂಬಿ ಫ್ಯಾಕ್ಟರಿಗಿ ಕಳಸ್ತೀವಿ. ಒಂದು ಚೂರೂ ಹಾಳಾಗಂಗಿಲ್ಲ. ನೀವು ಗೋಂದು ಹಚ್ಚಿಲ್ಲಲ್ಲ."

ಎರಡು ಬೇಸಿಗೆ. ಮಾಸ್ತರರ ಎದೆ ಒಮ್ಮೆ ಚುರುಕ್ಕೆಂದಿತು. ಆಮೇಲೆ, ಇರಲಿ, ಇಪ್ಪತ್ತೆರಡು ದಿನಕ್ಕಿಂತ ಬಹಳವಾಯಿತು ಎನ್ನಿಸಿತು.

ಕೆಳಗಿನ ಅಂಚಿನಲ್ಲಿ ಒಂದು ಗೇಣು ಹೊಲಿಯದೆ ಬಿಟ್ಟಿದ್ದರು. ಫರ್ಹೀನ್ ದಾರ ಪೋಣಿಸಿದ ದಬ್ಬಣ ಹಿಡಿದು ಬಂದು ನಿಂತಳು. ಬೆರಳಿಗೆ ಮುಲಾಮು ಹಚ್ಚಿದ್ದಳು.

"ಹೊಟ್ಟಿ ತುಂಬ್ರಿ ಸರ. ಅಮ್ಮೀ, ನೀವೂ ಬರ್ರಿ. ಈ ಸಲ ಎಲ್ಲಾರೂ ನೋಡಲಿ."

ಮಾಸ್ತರರು ಬುತ್ತಿ ಬಿಚ್ಚಿದರು. ಅರ್ಧ ಜೋಳದ ರೊಟ್ಟಿ ಉಳಿದಿತ್ತು. ಮುರಿದು ಒಂದು ತುಂಡು ಗುಂಡಮ್ಮನಿಗೆ ಕೊಟ್ಟರು. ಇಬ್ಬರೂ ಒಬ್ಬರಾದ ಮೇಲೊಬ್ಬರು, ಏಳು ಜೋಡಿ ಕಣ್ಣುಗಳ ಎದುರಿಗೆ, ಕೌದಿಯ ಬಾಯಿಗೆ ರೊಟ್ಟಿ ಇಟ್ಟರು. ಫರ್ಹೀನ್ ಕುಕ್ಕರುಗಾಲಲ್ಲಿ ಕುಳಿತು ಒತ್ತೊತ್ತಾಗಿ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಇನ್ನ ಇಲಿ ಬಂದ್ರ," ಎಂದಳು, ಅವರ ಮುಖ ನೋಡದೆ, "ನನ್ನ ಹೆಸರು ಹೇಳಬ್ಯಾಡ್ರಿ."

"ಇಲ್ಲವ್ವ" ಎಂದರು ಮಾಸ್ತರರು. ಕೊರಳಿನ ಹಾರ ತೆಗೆದು ಮೊಳೆಗೆ ಸಿಕ್ಕಿಸಿ, ಆ ನೆರಳಿನಲ್ಲಿ ಅವರ ಜೊತೆ ನೆಲಕ್ಕೆ ಕುಳಿತರು.